‘ವಾಟ್’ ಎಂಬ ಪದದ ಪೂರ್ವೋತ್ತರ

ಜೇಮ್ಸ್ ದೊರೆಯ ಅಪ್ಪಣೆಯ ಮೇರೆಗೆ ಸಿದ್ಧವಾಗಿ 1611ರಲ್ಲಿ ಅಚ್ಚಾದ ಆಂಗ್ಲ ಬೈಬಲಿನಲ್ಲಿ ‘ವಾಟ್’ ಎಂದೂ ‘ವಿಸ್ಟ್’ ಎಂದೂ ಎರಡು ರೂಪಗಳು ಓದುಗನನ್ನು ಅಲ್ಲಲ್ಲಿ ತಡೆದು ನಿಲ್ಲಿಸುವುವು. ಮೊದಲನೆಯದು, ಕಿವಿಗೆ ಹಾಗೆ ಕೇಳಿಸಿದರೂ, ‘ಏನು’ ಎಂಬ ಪ್ರಶ್ನೆಯಲ್ಲ. ‘ಬಲ್ಲೆನು’ ಎಂದು ಅದರ ಅರ್ಥ. ಎರಡನೆಯದು ಅದರ ಭೂತಕಾಲ. ಇವೆರಡೂ ‘ವಿಟ್’ ಎಂಬ ಕ್ರಿಯಾಪದದವು.

ಈ ಪದದ ಸೋಜಿಗವೆಲ್ಲ ಅದರ ಕಾಲದಲ್ಲಿದೆ. ಹುಟ್ಟಿನಿಂದ ‘ವಾಟ್’ ಭೂತರೂಪ, ಅರ್ಥದಿಂದ ವರ್ತಮಾನ. ಏಕೆಂದರೆ ಮೂಲಧಾತುವಿಗೆ ‘ಕಾಣು’ ಎಂಬ ಅರ್ಥವಿದ್ದು, ಕಂಡವನೇ ಬಲ್ಲವನೆಂಬ ಭಾವಪರಿಣಾಮವು ಅತಿ ಪ್ರಾಚೀನಕಾಲದಲ್ಲಿಯೇ ನಡೆದುಹೋಗಿತ್ತು. ಲ್ಯಾಟಿನ್ನಿನಲ್ಲಿ ಈ ಧಾತು ನೋಟದ ಅರ್ಥದಲ್ಲಿಯೇ ನಿಂತಿತು. ‘ವಿಡಿಯೋ’ ಅಲ್ಲಿಂದ ಬಂದದ್ದು. ಗ್ರೀಕರ ‘ಒಯ್ದ’, ಜರ್ಮನರ ‘ವೈಸ್’, ಸಂಸ್ಕೃತದ ‘ವೇದ’ ಇವು ‘ವಾಟ್’ ಪದದ ಒಡಹುಟ್ಟುಗಳು. ಇಲ್ಲಿ ‘ವೇದ’ವೆಂದರೆ ಶ್ರುತಿಯಲ್ಲ, ‘ಬಲ್ಲನು’ ಎಂಬ ಕ್ರಿಯಾರೂಪ. ವಿದ್ ಧಾತುವು ವರ್ತಮಾನದಲ್ಲಿಯೂ ಲಿಟ್ಟಿನ, ಎಂದರೆ ಪರೋಕ್ಷಭೂತದ, ಪ್ರತ್ಯಯಗಳನ್ನು ವಿಕಲ್ಪವಾಗಿ ಪಡೆಯುವುದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ವಿಧಿಸಿದ್ದು, ಆಂಗ್ಲರು ಬ್ರಿಟನ್ನಿಗೆ ಕಾಲಿಡುವುದಕ್ಕೆ ಎಷ್ಟೋ ಶತಮಾನಗಳ ಮುಂಚೆ. ಏಕವಚನದಲ್ಲಿ ಗುಣಸ್ವರವುಳ್ಳ ‘ವೇದ’, ಬಹುವಚನದಲ್ಲಿ ಗುಣವಿಲ್ಲದ ‘ವಿದ್ಮ’. ಅಂತೆಯೇ ಹಳೆಯ ಇಂಗ್ಲಿಷಿನಲ್ಲಿ ‘ವಾಟ್’, ‘ವಿಟೊನ್’. ಅನ್ಯಕುಲದ ನಮ್ಮ ಕನ್ನಡದಲ್ಲಿಯೂ ‘ಬಲ್ಲೆನು’ ಎಂಬುದಕ್ಕೆ ಕಾಲಪ್ರತ್ಯಯವಿಲ್ಲದಿರುವುದು ಕಾಕತಾಳೀಯವೋ, ಅರಿವಿನ ಸ್ವಭಾವವೋ!

ಮೂಲತಃ ಭೂತರೂಪವಾದ್ದರಿಂದ ಪ್ರಥಮಪುರುಷದಲ್ಲಿ ಇದಕ್ಕೆ ವರ್ತಮಾನದ ‘ಎತ್’ ಪ್ರತ್ಯಯ ಸಲ್ಲದು. ಆದರೂ ಅದೇ ಬೈಬಲಿನ ಆದಿಕಾಂಡದಲ್ಲಿ ಯೋಸೇಫನು ತನ್ನ ಯಜಮಾನನ ಮಾತೆತ್ತಿ ‘ವಾಟೆತ್’ ಎನ್ನುವನು. ಅಷ್ಟು ಹೊತ್ತಿಗೆ ಪದದ ವಂಶ ವಿದ್ವಾಂಸರಿಗೂ ಮರೆತುಹೋಗಿತ್ತೆಂದು ತೋರುತ್ತದೆ. ಅದರ ಸ್ಥಾನಕ್ಕೆ ‘ನೋ’ ಬಂದಿತು. ಅದಾದರೂ ಜ್ಞಾ ಧಾತುವಿನ ಬಂಧುವೇ. ಜರ್ಮನರು ಎರಡನ್ನೂ ಉಳಿಸಿಕೊಂಡು, ವಿಷಯವನ್ನು ಬಲ್ಲುದಕ್ಕೆ ಒಂದು, ವ್ಯಕ್ತಿಯ ಪರಿಚಯಕ್ಕೆ ಇನ್ನೊಂದು ಎಂದು ಹಂಚಿಕೊಂಡಿರುವರು. ಆಂಗ್ಲರಿಗೆ ಈ ವಿವೇಚನೆ ನಷ್ಟವಾದುದು ವಿಷಾದಕರ. ‘ವಿಸ್‌ಡಂ’, ‘ವಿಟ್ನೆಸ್’ ಮುಂತಾದ ನಾಮಪದಗಳಲ್ಲಿಯೂ, ವಕೀಲರ ಪತ್ರಗಳಲ್ಲಿ ‘ಅರ್ಥಾತ್’ ಎಂಬಂತೆ ಬಳಕೆಯಾಗುವ ‘ಟು ವಿಟ್’ ಎಂಬುದರಲ್ಲಿಯೂ ಅದರ ಅಂಶ ಉಳಿದಿದೆ.

ಇದಕ್ಕೆ ಒಂದು ಹಾಸ್ಯಪ್ರಸಂಗವೂ ಅಂಟಿಕೊಂಡಿದೆ. ‘ನಿಶ್ಚಯವಾಗಿ’ ಎಂಬರ್ಥದ ‘ಇವಿಸ್’ ಎಂಬ ಹಳೆಯ ಅವ್ಯಯವನ್ನು ಲಿಪಿಕಾರರು ಒಡೆದು ಬರೆಯಲಾಗಿ, ಮುಂದಿನ ಕವಿಗಳು ಅದನ್ನು ‘ಐ ವಿಸ್’, ‘ನಾನು ಬಲ್ಲೆನು’, ಎಂದು ಓದಿಕೊಂಡು, ಎಂದೂ ಇಲ್ಲದ ‘ವಿಸ್’ ಎಂಬ ಕ್ರಿಯಾಪದವನ್ನು ಕಲ್ಪಿಸಿಕೊಂಡರು. ನಿಘಂಟುಕಾರರೂ ಅದಕ್ಕೆ ಮಣೆ ಹಾಕಿದರು.