ನ್ಯಾಯಮೂರ್ತಿಗಳನ್ನು ಪೀಠದಿಂದ ಇಳಿಸುವುದು

ನಮ್ಮಲ್ಲಿ ಬಹುಮಂದಿ ಊರು ಬಿಟ್ಟು ಬಂದದ್ದು ನೌಕರಿಗಾಗಿ. ಕಚೇರಿಯಲ್ಲಿ ಗುಮಾಸ್ತನೊಬ್ಬ ತಪ್ಪಿದರೆ ಮುಂದೇನೆಂಬುದು ನಮಗೆ ಬಾಯಿಪಾಠ: ಮೊದಲು ಮೆಮೋ, ಆಮೇಲೆ ಅಮಾನತು, ವಿಚಾರಣೆ, ಬಡ್ತಿಗೆ ತಡೆ. ಕೆಳಗಿನ ಕೋರ್ಟುಗಳ ನ್ಯಾಯಾಧೀಶರಿಗೂ ಇಂಥ ಶಿಸ್ತು ಉಂಟು. ಅದು ಹೈಕೋರ್ಟಿನ ಕೈಯಲ್ಲಿದೆ. ಆದರೆ ಹೈಕೋರ್ಟು, ಸುಪ್ರೀಂ ಕೋರ್ಟುಗಳ ನ್ಯಾಯಮೂರ್ತಿಗಳಿಗೆ ಸಂವಿಧಾನ ಹೇಳುವ ಶಿಕ್ಷೆ ಒಂದೇ: ಪಾರ್ಲಿಮೆಂಟಿನ ಎರಡೂ ಸದನಗಳು ಒಪ್ಪಿ, ರಾಷ್ಟ್ರಪತಿಗಳು ಪದಚ್ಯುತಗೊಳಿಸುವುದು.

ಇಷ್ಟು ಬಿಗಿಯೇಕೆ? 1973ನ್ನು ನೆನೆಯೋಣ. ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ ಸರಕಾರಕ್ಕೆ ಹಿಡಿಸದ ತೀರ್ಪಿತ್ತ ನಮ್ಮ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗೊತ್ತಿ, ಸರಕಾರ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಬರೀ ಬಡ್ತಿ ಕೈಯಲ್ಲಿದ್ದಾಗಲೇ ಹೀಗೆ, ತೆಗೆದುಹಾಕುವುದೂ ಸುಲಭವಾಗಿದ್ದರೆ?

ಬಿಗಿ ಬೇಕು, ನಿಜ. ಆದರೆ ವಿ. ರಾಮಸ್ವಾಮಿಯವರ ಪ್ರಕರಣ ನೋಡಿ. ಸುಪ್ರೀಂ ಕೋರ್ಟಿಗೆ ಬರುವ ಮೊದಲು ಅವರು ಪಂಜಾಬ್-ಹರಿಯಾಣ ಹೈಕೋರ್ಟಿನ ಮುಖ್ಯಸ್ಥರಾಗಿದ್ದಾಗ, ಸರಕಾರಿ ನಿವಾಸದ ಪೀಠೋಪಕರಣಕ್ಕೆಂದು ಮನಬಂದಂತೆ ಹಣ ಚೆಲ್ಲಿದರೆಂದು ಆರೋಪ. 1990ರಲ್ಲಿ ಮುಖ್ಯ ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿಯವರು, ಕಲಾಪದಿಂದ ದೂರವಿರಿ ಎಂದು ಅವರಿಗೆ ಸಲಹೆಯಿತ್ತರು. ಸಲಹೆಯಷ್ಟೇ, ಅಮಾನತು ಮಾಡುವ ಅಧಿಕಾರ ಅವರಿಗೂ ಇರಲಿಲ್ಲ. 108 ಲೋಕಸಭಾ ಸದಸ್ಯರು ಸಹಿ ಹಾಕಿದರು. ಮೂವರ ಸಮಿತಿ ವಿಚಾರಿಸಿ, 14 ಆರೋಪಗಳಲ್ಲಿ 11 ರುಜುವಾತಾಗಿವೆ ಎಂದಿತು. (ಆ ಮೂವರಲ್ಲೊಬ್ಬರಾದ ಚಿನ್ನಪ್ಪ ರೆಡ್ಡಿಯವರ ಹೆಸರು ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದಿಂದ ನಮಗೆ ಪರಿಚಿತ.)

1993ರ ಮೇ 11ರಂದು ಲೋಕಸಭೆಯಲ್ಲಿ ಮತದಾನ. ಪರವಾಗಿ 196. ವಿರುದ್ಧ ಒಂದೂ ಇಲ್ಲ! ಆದರೂ ಗೊತ್ತುವಳಿ ಬಿದ್ದುಹೋಯಿತು. ಮತ ಕೊಟ್ಟವರಲ್ಲಿ ಮೂರನೆಯ ಎರಡು ಪಾಲು ಸಾಲದು, ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಮೀರಿದವರೂ ಒಪ್ಪಬೇಕು. ಆಳುವ ಕಾಂಗ್ರೆಸ್ ಹಾಗೂ ಮಿತ್ರಪಕ್ಷಗಳ 205 ಮಂದಿ ಮತವನ್ನೇ ಕೊಡದೆ ಕುಳಿತರು. ಇಲ್ಲ ಎನ್ನುವ ಎದೆಗಾರಿಕೆಯನ್ನಾದರೂ ತೋರಬಹುದಿತ್ತು ಎಂದು ನಮಗನ್ನಿಸುತ್ತದೆ. ಮರುವರ್ಷ ರಾಮಸ್ವಾಮಿಯವರು ವಯಸ್ಸು ತುಂಬಿ ನಿವೃತ್ತರಾದರು.

ಇನ್ನೊಂದು ದಾರಿ ರಾಜೀನಾಮೆ. ಕಲ್ಕತ್ತೆಯ ಸೌಮಿತ್ರ ಸೇನರ ವಿರುದ್ಧ ರಾಜ್ಯಸಭೆ 2011ರ ಆಗಸ್ಟಿನಲ್ಲಿ ಗೊತ್ತುವಳಿ ಅಂಗೀಕರಿಸಿತು. ಲೋಕಸಭೆಯ ಸರದಿ ಬರುವಷ್ಟರಲ್ಲಿ ಅವರು ಹುದ್ದೆ ಬಿಟ್ಟಿದ್ದರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ. ಡಿ. ದಿನಕರನ್ ಅವರ ಮೇಲೆ ಭೂ ಒತ್ತುವರಿಯ ಆರೋಪ ಬಂದು, 2009ರಲ್ಲಿ ಬೆಂಗಳೂರಿನ ವಕೀಲರು ಪ್ರತಿಭಟಿಸಿದ್ದು ಹಲವರಿಗೆ ನೆನಪಿರಬಹುದು. ಅವರನ್ನು ಸಿಕ್ಕಿಮಿಗೆ ವರ್ಗಾಯಿಸಲಾಯಿತು. 2011ರ ಜುಲೈನಲ್ಲಿ, ಸಮಿತಿಯ ವಿಚಾರಣೆ ಮುಗಿಯುವ ಮೊದಲೇ, ಅವರೂ ರಾಜೀನಾಮೆಯಿತ್ತರು. ಆರೋಪ ನಿಜವೋ ಸುಳ್ಳೋ ಎಂಬ ತೀರ್ಮಾನವನ್ನು ಆ ಸಮಿತಿ ಹೇಳಲೇ ಇಲ್ಲ.