ಪೆರೋವ್‌ಸ್ಕೈಟ್ ಸೌರಕೋಶ ಮತ್ತು ಅದರ ಸಂಧಿಪದರ

ಗೋಕಾಕದ ಜಲಪಾತದಲ್ಲಿ ಘಟಪ್ರಭೆಯು ಸುಮಾರು ೫೨ ಮೀಟರು ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲವನ್ನು ೧೮೮೭ರಷ್ಟು ಹಿಂದೆಯೇ ಹತ್ತಿಯ ಗಿರಣಿಯ ಕೆಲಸಕ್ಕೆ ಬಳಸಿಕೊಳ್ಳಲಾಯಿತು. ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಾಪನೆಗೊಂಡಿತು. ಶಕ್ತಿಯ ಬೆಲೆಯನ್ನು ಹೀಗೆ ಬಹುಕಾಲದಿಂದ ಬಲ್ಲ ಈ ಸೀಮೆಗೆ ಬಿಸಿಲೂ ಹೇರಳವಾಗಿ ಒದಗಿದೆ. ಅದನ್ನು ಅಲ್ಪ ವೆಚ್ಚದಲ್ಲಿ ವಿದ್ಯುತ್ತಾಗಿ ಮಾರ್ಪಡಿಸುವ ಭರವಸೆಯನ್ನಿತ್ತಿರುವ ಹೊಸ ಸಾಧನವೇ ಪೆರೋವ್‌ಸ್ಕೈಟ್ ಸೌರಕೋಶ.

ಪೆರೋವ್‌ಸ್ಕೈಟ್ ಎಂಬುದು ೧೮೩೯ರಲ್ಲಿ ರಶಿಯಾದ ಉರಲ್ ಪರ್ವತಗಳಿಂದ ದೊರೆತ ಖನಿಜದ ಹೆಸರು. ಅದರಂತೆಯೇ ಸ್ಫಟಿಕರಚನೆಯುಳ್ಳ, ಸೀಸವನ್ನೊಳಗೊಂಡ ಕೃತಕ ವಸ್ತುವನ್ನು ಜಪಾನಿನ ತ್ಸುತೊಮು ಮಿಯಾಸಾಕಾ ಹಾಗೂ ಸಂಗಡಿಗರು ೨೦೦೯ರಲ್ಲಿ ಸೌರಕೋಶಕ್ಕೆ ಬಳಸಿದರು. ಆಗ ಅದರ ದಕ್ಷತೆ ಶೇಕಡಾ ೩.೮ ಮಾತ್ರ; ಇಂದು ಪ್ರಯೋಗಾಲಯದ ಚಿಕ್ಕ ಕೋಶಗಳಲ್ಲಿ ಅದು ಶೇಕಡಾ ೨೬ನ್ನು ಮೀರಿದೆ. ಕೂದಲೆಳೆಯ ನೂರರಲ್ಲೊಂದು ಭಾಗದಷ್ಟು ತೆಳುವಾದ ಲೇಪನವೇ ಬೆಳಕನ್ನು ಹೀರಲು ಸಾಕಾಗುತ್ತದೆ.

ಬೆಳಕು ಬಿದ್ದಾಗ ಈ ಲೇಪನದಲ್ಲಿ ಋಣ ವಿದ್ಯುತ್ಕಣಗಳೂ ಧನ ವಿದ್ಯುತ್ಕಣಗಳಂತೆ ವರ್ತಿಸುವ ರಂಧ್ರಗಳೂ ಉಂಟಾಗುತ್ತವೆ. ಇವು ಬೇರ್ಪಟ್ಟು ಎರಡು ಬದಿಯ ವಿದ್ಯುದ್ವಾರಗಳನ್ನು ಸೇರಬೇಕು. ಮೂಡಲಗಿಯ ರೈತನು ಬಲ್ಲಂತೆ, ಕಾಲುವೆಯಲ್ಲಿ ನೀರು ತುಂಬಿದ್ದರೂ ಹೊಲಕ್ಕೆ ತಿರುಗುವ ಬಾಯಿಯಲ್ಲಿ ಸೋರಿದರೆ ಬೆಳೆಗೆ ಪ್ರಯೋಜನವಿಲ್ಲ. ಕೋಶದಲ್ಲಿಯೂ ಎರಡು ಪದರಗಳು ಕೂಡುವ ಸಂಧಿಯಲ್ಲಿ ದೋಷವಿದ್ದರೆ, ಅಲ್ಲಿ ಕಣಗಳು ಮರಳಿ ಒಂದಾಗಿ ಶಕ್ತಿಯು ವ್ಯರ್ಥವಾಗಿ ಶಾಖವಾಗುತ್ತದೆ.

ಈ ಸೋರಿಕೆಯನ್ನು ತಡೆಯಲು ವಿಜ್ಞಾನಿಗಳು ಅಣುಗಳನ್ನೇ ಬೇಕಾದಂತೆ ರೂಪಿಸಿದ್ದಾರೆ. ಅಂತಹ ಅಣುವಿನ ಒಂದು ತುದಿಯಲ್ಲಿರುವ ಫಾಸ್ಫೋನಿಕ್ ಆಮ್ಲದ ಗುಂಪು ವಿದ್ಯುದ್ವಾರವನ್ನು ಭದ್ರವಾಗಿ ಹಿಡಿಯುತ್ತದೆ. ಇನ್ನೊಂದು ತುದಿಯ ಕಾರ್ಬಜೋಲ್ ಗುಂಪು ಪೆರೋವ್‌ಸ್ಕೈಟಿನತ್ತ ಮುಖಮಾಡಿ ರಂಧ್ರಗಳಿಗೆ ದಾರಿಮಾಡಿಕೊಡುತ್ತದೆ. ಅಣುಗಳು ತಾವಾಗಿಯೇ ಸಾಲುಗೂಡಿ ಒಂದೇ ಅಣುವಿನ ದಪ್ಪದ ಪದರವಾಗುತ್ತವೆ. ಇಂತಹ ಪದರದಿಂದ ಬರ್ಲಿನ್ನಿನ ಮತ್ತು ಲಿಥುವೇನಿಯಾದ ಸಂಶೋಧಕರು ೨೦೨೦ರಲ್ಲಿ, ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟನ್ನಿರಿಸಿದ ಜೋಡಿಕೋಶದಲ್ಲಿ ಶೇಕಡಾ ೨೯.೧೫ ದಕ್ಷತೆಯನ್ನು ಸಾಧಿಸಿದರು.

ಆದರೆ ದಕ್ಷತೆಯೊಂದೇ ಸಾಲದು, ಬಾಳಿಕೆಯೂ ಬೇಕು. ಆ ಕೋಶವು ಹೊರಕವಚವಿಲ್ಲದೆ ೩೦೦ ಗಂಟೆ ದುಡಿದು ತನ್ನ ಸಾಮರ್ಥ್ಯದ ಶೇಕಡಾ ೯೫ರಷ್ಟನ್ನು ಉಳಿಸಿಕೊಂಡಿತು. ದಿನಕ್ಕೆ ಆರು ಗಂಟೆಯ ಬಿಸಿಲೆಂದು ಎಣಿಸಿದರೆ ಇದು ಕೇವಲ ೫೦ ದಿನಗಳ ದುಡಿಮೆ. ಸಿಲಿಕಾನ್ ಫಲಕಗಳಿಗಾದರೋ ೨೫ ವರ್ಷಗಳ ಭರವಸೆ ದೊರೆಯುತ್ತದೆ. ಸಾಲ ಮಾಡಿ ಪಂಪಿಗೆ ಫಲಕ ಹಾಕಿಸುವ ರೈತನಿಗೆ ಈ ಅಂತರವೇ ಮುಖ್ಯ. ತೇವ, ಉಷ್ಣತೆಗಳು ಈ ಸ್ಫಟಿಕವನ್ನು ಕೆಡಿಸುತ್ತವೆ. ಫಲಕ ಒಡೆದರೆ ಸೀಸವು ಮಳೆನೀರಿನೊಡನೆ ಮಣ್ಣಿಗಿಳಿಯುವ ಭಯವೂ ಇದೆ. ಆದುದರಿಂದ ತೇವವನ್ನು ತಡೆಯುವ, ಸೀಸವನ್ನು ಹಿಡಿದಿಡುವ ಪದರಗಳ ಕುರಿತೂ ಪ್ರಯೋಗಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪೆರೋವ್‌ಸ್ಕೈಟ್ ಕೋಶಗಳ ಸಂಶೋಧನೆ ಕೈಗೊಳ್ಳಲಾಗಿದೆ.

ಆಮ್ಲ, ಲವಣ, ಬಂಧ ಎಂಬ ಪಾಠಗಳು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೇ ಮೊದಲಾಗುತ್ತವೆ. ಬಿಸಿಲು, ಮಳೆಗಳೆರಡನ್ನೂ ತಾಳಬಲ್ಲ ಸಂಧಿಪದರವನ್ನು ರೂಪಿಸುವ ವಿದ್ಯೆಗೂ ಅವೇ ಅಡಿಗಲ್ಲು. ಅಲ್ಲಿ ಒಂದು ಪರೀಕ್ಷಾನಳಿಕೆಯನ್ನು ಒದಗಿಸಿದ ದಾನಿಯೂ, ಅದನ್ನು ಮಕ್ಕಳ ಕೈಗಿತ್ತು ಪ್ರಶ್ನಿಸಲು ಕಲಿಸಿದ ಗುರುವೂ ಈ ಕಾರ್ಯದಲ್ಲಿ ಪಾಲುದಾರರೇ ಸರಿ.