ಮದ್ದಿನ ದಾರಿ, ರೋಗಿಯ ಭಾಷೆ

ನಾನು ಕಾಸರಗೋಡಿನವಳು, ಫಾರ್ಮಸಿ ವಿದ್ಯಾರ್ಥಿನಿ. ಔಷಧಿಯನ್ನು ದೇಹಕ್ಕೆ ಕೊಡುವ ಮಾರ್ಗಗಳ ಬಗ್ಗೆ ಇವತ್ತು ನನ್ನ ಮಾತು. ಪಾಠಪುಸ್ತಕದ ಪಟ್ಟಿ ನಿಮಗೆಲ್ಲ ಗೊತ್ತಿದೆ. ಹಾಗಾಗಿ ನಮ್ಮ ಮನೆಯಲ್ಲಿ ನಡೆದದ್ದರಿಂದ ಶುರು ಮಾಡ್ತೇನೆ.

ನನ್ನ ಅಜ್ಜ ಶಾಲೆಗೆ ಹೋದದ್ದು 1956ಕ್ಕಿಂತ ಮೊದಲು, ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಮಲಯಾಳ ಕೇಳಿದರೆ ಅರ್ಥವಾಗ್ತದೆ, ಅಕ್ಷರ ಗೊತ್ತಿಲ್ಲ. ಎದೆನೋವು ಬಂದರೆ ಇರಲಿ ಅಂತ ಅವರಿಗೆ ಐಸೊಸಾರ್ಬೈಡ್ ಡೈನೈಟ್ರೇಟ್ ಮಾತ್ರೆ ಕೊಟ್ಟಿದ್ದರು. ನಾಲಗೆಯ ಅಡಿಯಲ್ಲಿ ಇಡಬೇಕೆಂದು ಕವರಿನ ಮೇಲೆ ಮಲಯಾಳದಲ್ಲಿ ಬರೆದಿತ್ತು. ಒಂದು ರಾತ್ರಿ ನೋವು ಬಂದಾಗ ಅಜ್ಜ ಅದನ್ನು ನೀರಿನ ಜೊತೆ ನುಂಗಿಬಿಟ್ಟರು. ನೋವು ಇಳಿಯಲಿಲ್ಲ. ‘ಈ ಮದ್ದು ನನಗೆ ಹಿಡಿಯುವುದಿಲ್ಲ’ ಅಂದರು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ನಮಗೆಲ್ಲ ಜೀವ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಉಳಿದರು. ಮದ್ದು ಸರಿಯಾಗಿಯೇ ಇತ್ತು, ದಾರಿ ತಪ್ಪಿತ್ತು.

ಯಾಕೆ ಹೀಗಾಗ್ತದೆ? ನುಂಗಿದ ಮಾತ್ರೆ ಹೊಟ್ಟೆ, ಕರುಳು ದಾಟಿ ಮೊದಲು ಯಕೃತ್ತಿಗೆ ಹೋಗುತ್ತದೆ. ಈ ಮದ್ದಿನ ಬಹುಪಾಲನ್ನು ಯಕೃತ್ತು ಅಲ್ಲೇ ಒಡೆದುಬಿಡುತ್ತದೆ. ನಾವು ತರಗತಿಯಲ್ಲಿ ಫಸ್ಟ್ ಪಾಸ್ ಅಂತ ಓದುವುದು ಇದನ್ನೇ. ನಾಲಗೆಯಡಿಯ ತೆಳುವಾದ ಪೊರೆಯಿಂದಾದರೆ ಮದ್ದು ಯಕೃತ್ತನ್ನು ಬಳಸದೆ ನೇರ ರಕ್ತಕ್ಕೆ ಸೇರಿ, ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. ರಕ್ತದೊತ್ತಡ ಇಳಿದು ತಲೆ ತಿರುಗಬಹುದು, ಆದ್ದರಿಂದ ಕೂತೇ ಇಟ್ಟುಕೊಳ್ಳಬೇಕು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಉಳಿದ ದಾರಿಗಳಿಗೂ ಹೀಗೆಯೇ ಒಂದೊಂದು ಕಾರಣವಿದೆ. ಇನ್ಸುಲಿನ್ ಒಂದು ಪ್ರೊಟೀನ್. ನುಂಗಿದರೆ ಊಟದ ಬೇಳೆಯ ಹಾಗೆ ಜೀರ್ಣವಾಗಿ ಹೋಗ್ತದೆ. ಅದಕ್ಕೇ ಚರ್ಮದಡಿಗೆ ಚುಚ್ಚುವುದು. ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಇದ್ದರೆ, ಇನ್‌ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ಮದ್ದು ನೇರ ಶ್ವಾಸನಾಳಕ್ಕೇ ಹೋಗುವುದರಿಂದ ಅಷ್ಟು ಸಾಕು, ಕೈ ನಡುಕವೂ ಕಡಿಮೆ. ಫಿಟ್ಸ್ ಬಂದ ಮಗು ನುಂಗಲಾರದು. ಬಾಯಿಗೆ ಏನು ಹಾಕಿದರೂ ಉಸಿರುಗಟ್ಟುವ ಭಯ. ಆಗ ಮೂಗಿನ ಅಥವಾ ಗುದದ್ವಾರದ ಮೂಲಕ ಕೊಡುವ ಔಷಧಿ ಬೇಕಾಗುತ್ತದೆ.

ಇನ್ನೊಂದು ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ: ಸೂಜಿ ಚುಚ್ಚಿದರೇ ಮದ್ದು, ಗ್ಲುಕೋಸ್ ಹಾಕಿದರೇ ಶಕ್ತಿ. ಲೆಕ್ಕ ನೋಡಿ. ಶೇಕಡಾ 5ರ 500 ಮಿಲಿಲೀಟರ್ ಗ್ಲುಕೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು ಐದು ಚಮಚ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಬನಗಾಂವ್‌ನಲ್ಲಿ ಡ್ರಿಪ್ ಸಾಲದೆ, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು-ಗ್ಲುಕೋಸಿನ ನೀರನ್ನು ಬಾಯಿಯ ಮೂಲಕವೇ ಕೊಡಿಸಿ ತುಂಬ ಜೀವ ಉಳಿಸಿದರು. ಕರುಳಿನಲ್ಲಿ ಗ್ಲುಕೋಸ್ ಜೊತೆ ಸೋಡಿಯಂ, ಅದರ ಹಿಂದೆ ನೀರು ಒಳಗೆ ಹೋಗುತ್ತದೆ. ಕುಡಿಯಲು ಆಗುವವರಿಗೆ ಬಾಯಿಯೇ ಒಳ್ಳೆಯ ದಾರಿ. ಪ್ರಜ್ಞೆ ಇಲ್ಲದಿದ್ದರೆ, ವಾಂತಿ ನಿಲ್ಲದಿದ್ದರೆ ಅಥವಾ ದೇಹ ತೀರಾ ಬತ್ತಿದ್ದರೆ ಮಾತ್ರ ರಕ್ತನಾಳ ಬೇಕು.

ಈಗ ಭಾಷೆಯ ವಿಷಯಕ್ಕೆ ಬರ್ತೇನೆ. ‘ದಿನಕ್ಕೆ ಎರಡು ತೆಗೆದುಕೊಳ್ಳಿ’ ಅಂದರೆ ದಾರಿ ಯಾವುದೆಂದು ಗೊತ್ತಾಗುವುದಿಲ್ಲ. ಆದರೆ ಕನ್ನಡದಲ್ಲಿ ಪ್ರತಿ ದಾರಿಗೂ ಒಂದು ಕ್ರಿಯಾಪದ ಇದೆಯಲ್ಲ: ನುಂಗಿ, ಕರಗಿಸಿ, ಎಳೆದುಕೊಳ್ಳಿ, ಹಚ್ಚಿ, ಅಂಟಿಸಿ, ಹನಿ ಬಿಡಿ, ಚುಚ್ಚಿ. ಅಕ್ಕಲಕೋಟೆ, ಜತ್ತದ ಹಿರಿಯರಿಗೆ ಚೀಟಿ ಮರಾಠಿಯಲ್ಲಿ ಸಿಕ್ಕರೆ, ತಾಳವಾಡಿಯವರಿಗೆ ತಮಿಳಿನಲ್ಲಿ ಸಿಕ್ಕರೆ, ಅಲ್ಲೂ ನನ್ನ ಅಜ್ಜನಿಗೆ ಆದದ್ದೇ ಆಗಬಹುದು. ಗಡಿನಾಡಿನ ಕೌಂಟರಿನಲ್ಲಿ ನಿಲ್ಲುವ ನಾವು ಈ ಒಂದು ಶಬ್ದವನ್ನು ರೋಗಿಯ ಭಾಷೆಯಲ್ಲಿ ಬರೆದು, ‘ಹೇಗೆ ಹಾಕಿಕೊಳ್ತೀರಿ, ಒಮ್ಮೆ ಹೇಳಿ ಅಜ್ಜ’ ಅಂತ ಕೇಳಿದರೆ ಅರ್ಧ ನಿಮಿಷ ಹಿಡಿಯಬಹುದು, ಅಷ್ಟೇ.

ಅಜ್ಜನ ಮಾತ್ರೆಯ ಡಬ್ಬಿಯ ಮೇಲೆ ಈಗ ನಾನೇ ಬರೆದು ಅಂಟಿಸಿದ್ದೇನೆ: ‘ಕೂತುಕೊಳ್ಳಿ. ನಾಲಗೆಯಡಿ ಇಡಿ. ನುಂಗಬೇಡಿ.’ ಇಲ್ಲಿಗೆ ನಿಲ್ಲಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.